ಅವನ ಪುಸ್ತಕದಲ್ಲಿ ಪುಟಗಳು ಜಾಸ್ತಿ

"ರೀ! ಅದು ಪುಸ್ತಕ, ಹಲಸಿನ ತೊಳೆ ಅಲ್ಲ, ಮೂಸಿ ನೋಡೋಕೆ!"

ಚಬಾಳ ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಕಡಲತೀರದ ಊರು ಸೊಂಗ್‌ಖ್ಲಾದ ಹಳೇಪೇಟೆಯ ಆ ಪುಟ್ಟ ಪುಸ್ತಕದಂಗಡಿಯಲ್ಲಿ ಆಗ ಇದ್ದ ಗಿರಾಕಿ ಅವನೊಬ್ಬನೇ. ಕಪಾಟಿನ ಮುಂದೆ ನಿಂತಿದ್ದವನು ಬೆಚ್ಚಿ ತಿರುಗಿದ. ತೆರೆದ ಕಾದಂಬರಿ ಇನ್ನೂ ಅವನ ಮೂಗಿಗೆ ತಾಗಿಕೊಂಡೇ ಇತ್ತು.

ಒಂದು ಕ್ಷಣ ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ. ಮರುಕ್ಷಣ ನಗು.

"ಹೊಸ ಪುಸ್ತಕದ ವಾಸನೆ ಅಂದ್ರೆ ನಂಗೆ ಇಷ್ಟ. ಅದಕ್ಕೂ ದುಡ್ಡು ತಗೋತೀರಾ?"

"ವಾಸನೆ ಪುಕ್ಕಟೆ. ಮೂಗು ತಾಗಿಸಿದ್ರೆ ಕೊಂಡ್ಕೊಳ್ಳಲೇಬೇಕು."

"ಹಾಗಾದ್ರೆ ಕೊಟ್ಬಿಡಿ. ಬೈಂಡ್ ಹಾಕ್ಕೊಡಿ."

ಕೊಂಡ ಪುಸ್ತಕಕ್ಕೆಲ್ಲ ಅಲ್ಲೇ ತೆಳು ಪ್ಲಾಸ್ಟಿಕ್ಕಿನ ಬೈಂಡ್ ಹಾಕಿಕೊಡುವುದು ಚಬಾಳ ಕೆಲಸ. ಹಾಳೆ ಕತ್ತರಿಸಿ, ಅಂಚು ಮಡಿಸಿ, ಒಂದು ಸುಕ್ಕೂ ಬಾರದಂತೆ ಅಂಗೈಯಿಂದ ನೀವುತ್ತಿದ್ದಳು. ಅವನು ತಲೆಯನ್ನು ತುಸು ಪಕ್ಕಕ್ಕೆ ವಾಲಿಸಿ ಅವಳನ್ನೇ ಓರೆಯಾಗಿ ನೋಡುತ್ತ ನಿಂತ.

'ಏನು ಓರೆನೋಟವಪ್ಪಾ ಇವನದು! ನೆಟ್ಟಗೆ ನೋಡೋಕೆ ಬರಲ್ವಾ?'

ಹಾಗೆ ಅಂದುಕೊಂಡರೂ ಅವಳ ಕೆನ್ನೆ ಬಿಸಿಯಾಗಿತ್ತು.

ಅವನ ಹೆಸರು ವಸಿನ್. ಕಡಲ ನಡುವೆ ಗ್ಯಾಸ್ ತೆಗೆಯುವ ಕಬ್ಬಿಣದ ಅಟ್ಟಣೆಯ ಮೇಲೆ ಅಡುಗೆಯವನು. ಎರಡು ವಾರ ನೀರಿನ ಮೇಲೆ, ಎರಡು ವಾರ ನೆಲದ ಮೇಲೆ. ನೆಲಕ್ಕೆ ಬಂದಾಗಲೆಲ್ಲ ಅಂಗಡಿಗೆ ಬಂದ. ಪ್ರತಿ ಸಲ ಒಂದು ಪುಸ್ತಕ ಕೊಂಡ. ಅಂಗಡಿಯ ಯಜಮಾನಿ ನುವಾನ್ ದೊಡ್ಡಮ್ಮನಿಗೆ ಪ್ಲಾಸ್ಟಿಕ್ ಚೀಲದಲ್ಲಿ ತಣ್ಣನೆಯ ಚಹಾ ತರುವುದನ್ನು ಒಮ್ಮೆಯೂ ಮರೆಯಲಿಲ್ಲ.

"ಬೈಂಡ್ ಬೇಗ ಮುಗಿಸ್ಬೇಡ ಕಣೇ," ದೊಡ್ಡಮ್ಮ ಚಬಾಳ ಕಿವಿಯಲ್ಲಿ ಅನ್ನುತ್ತಿದ್ದಳು. "ಪಾಪ, ನಿಂತ್ಕೊಳ್ಳೋಕೇ ಬರ್ತಾನೆ."

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಅವನನ್ನು 'ಪೀ ವಸಿನ್' ಅನ್ನತೊಡಗಿದ್ದಳು, ವಯಸ್ಸಿನಲ್ಲಿ ದೊಡ್ಡವನಾದ ಆಪ್ತನನ್ನು ಕರೆಯುವ ಹಾಗೆ. ಅವನು 'ನೀವು' ಬಿಟ್ಟು 'ನೀನು' ಅನ್ನತೊಡಗಿದ್ದ.

ಒಂದು ಸಂಜೆ ಅವನ ಚೀಲದಿಂದ ಇ-ರೀಡರ್ ಒಂದು ಇಣುಕಿತು.

"ಅಯ್ಯೋ, ದ್ರೋಹಿ!" ಚಬಾ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಹತ್ರ ಪುಸ್ತಕ ಕೊಂಡು, ಆ ಸ್ಲೇಟಲ್ಲಿ ಓದ್ತೀರಾ?"

"ಹೆಲಿಕಾಪ್ಟರ್ ಹತ್ತೋ ಮುಂಚೆ ಸಾಮಾನೆಲ್ಲ ತೂಕ ಹಾಕ್ತಾರೆ ಚಬಾ. ಪುಸ್ತಕ ಭಾರ ಅಲ್ವಾ..."

"ಅದರಲ್ಲಿ ಓದೋರು ಓದುಗರೇ ಅಲ್ಲ. ಹಾಳೆ ಮುಟ್ಟದೆ ಎಂಥ ಓದು!"

ತಮಾಷೆಗೆ ಅಂದಳು. ಅವನೂ ನಕ್ಕ. ಆದರೆ ಆ ಸಂಜೆ ಚಹಾ ಕುಡಿಯದೆಯೇ ಹೊರಟುಹೋದ.

ಅವನು ಮತ್ತೆ ಕಡಲಿಗೆ ಹೋಗುವ ಮುನ್ನ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಈ ಸಲ ಇಬ್ಬರೂ ಒಂದೇ ಕಾದಂಬರಿ ಓದುವುದು. ಅವಳು ಕಾಗದದಲ್ಲಿ, ಅವನು ಇ-ರೀಡರ್‌ನಲ್ಲಿ. ಸಂಜೆ ಊಟ ಬಡಿಸಿದ ಮೇಲೆ ಅವನು ಫೋನ್ ಮಾಡುವುದು.

ಎಷ್ಟು ಚೆಂದದ ಸಂಜೆಗಳು ಅವು! ಕಥೆಯ ನಾಯಕಿ ಮನೆ ಬಿಟ್ಟಾಗ ಇಬ್ಬರೂ ಮರುಗಿದರು. ನಾಯಕನ ಹೆಡ್ಡತನಕ್ಕೆ ಇಬ್ಬರೂ ಬೈದರು. ಹೀಗೇ ಒಂದು ದಿನ ಅವಳು ಕೇಳಿದಳು:

"ಎಲ್ಲಿವರೆಗೆ ಬಂದ್ರಿ?"

"ನಾನೂರ ಹತ್ತನೇ ಪುಟ. ಕೊನೆ ಹೇಳ್ಬೇಡ, ಇನ್ನೂ ತುಂಬಾ ಇದೆ."

ಚಬಾಳ ಬೆರಳು ಪುಸ್ತಕದ ಮೇಲೆಯೇ ನಿಂತಿತು.

ಅವಳ ಕೈಯಲ್ಲಿದ್ದ ಕಾದಂಬರಿಯಲ್ಲಿ ಇದ್ದದ್ದೇ ಇನ್ನೂರ ಅರವತ್ತು ಪುಟ!

"...ಎಷ್ಟನೇ ಪುಟ ಅಂದ್ರಿ?"

"ನಾನೂರ ಹತ್ತು. ಯಾಕೆ?"

"ಏನಿಲ್ಲ. ತಲೆನೋವು. ಇಡ್ತೀನಿ."

'ಓದಿಯೇ ಇಲ್ಲ! ಬಾಯಿಗೆ ಬಂದ ಸಂಖ್ಯೆ ಹೇಳ್ತಿದ್ದಾನೆ. ಯಾರೋ ಬರೆದ ಸಾರಾಂಶ ನೋಡ್ಕೊಂಡು ನನ್ನ ಮಾತಿಗೆ ತಾಳ ಹಾಕಿದ್ದಾನೆ. ಹಾಗಾದ್ರೆ ಕೊಂಡ ಅಷ್ಟು ಪುಸ್ತಕ? ಅವು ಯಾರ ಮನೆಗೆ ಹೋದವು? ಯಾವಳ ಕೈಗೆ?'

ಹಿಂದೊಮ್ಮೆ ಅವಳಿಗೆ ನಿಶ್ಚಯವಾಗಿದ್ದವನೂ ಹೀಗೇ ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಿದ್ದ. ಆಮೇಲೆ ಒಂದು ದಿನ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಆ ಹಳೆಯ ಹೆದರಿಕೆ ಮತ್ತೆ ಬಂತು.

ಮರುದಿನ ವಸಿನ್ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ಫೋನ್ ಗುನುಗುವಾಗೆಲ್ಲ ಎದೆ ಡವಡವ. ನಿಂತಾಗ ಇನ್ನೂ ಹೆಚ್ಚು.

ಆಮೇಲೆ ಬಂದದ್ದು ಅವನ ದನಿಯ ಒಂದು ಸಂದೇಶ.

"ನಿಂಗೆ ಗೊತ್ತಾಗಿದೆ ಅನ್ಸುತ್ತೆ ಚಬಾ. ನಾನೇ ಹೇಳ್ಬೇಕಿತ್ತು... ಧೈರ್ಯ ಸಾಲಲಿಲ್ಲ. ಗುರುವಾರ ದಡಕ್ಕೆ ಬರ್ತೀನಿ, ಅಂಗಡಿ ಕಡೆ ಬರಲ್ಲ. ನಿಂಗೆ ತಕ್ಕವನು ಸಿಗಲಿ."

ಅಂದರೆ ನಿಜವೇ! ಸುಳ್ಳುಗಾರ! ಚಬಾ ಬೈಂಡಿನ ಹಾಳೆಯನ್ನು ಅಡ್ಡಾದಿಡ್ಡಿ ಕತ್ತರಿಸಿದಳು. ಕಣ್ಣೀರು ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಇಂಗದೆ ಹಾಗೇ ನಿಂತಿತು.

ಆಗಲೇ ಗಲ್ಲಾಪೆಟ್ಟಿಗೆಯ ಹಿಂದೆ ನುವಾನ್ ದೊಡ್ಡಮ್ಮ ಏನನ್ನೋ ಮಡಿಲಲ್ಲಿ ಬಚ್ಚಿಟ್ಟಳು.

"ಏನದು ದೊಡ್ಡಮ್ಮ?"

"ಏನಿಲ್ವೇ."

"ತೋರ್ಸಿ."

ಫೋನು! ಅದರಲ್ಲಿ ಅದೇ ಕಾದಂಬರಿ. ಪುಸ್ತಕದಂಗಡಿಯ ಯಜಮಾನಿ ಫೋನಿನಲ್ಲಿ ಕಾದಂಬರಿ ಓದುತ್ತಿದ್ದಳು!

"ಬಯ್ಬೇಡ ಕಣೇ. ಪುಸ್ತಕದ ಅಕ್ಷರ ನಂಗೆ ಇರುವೆ ಸಾಲಿನ ಹಾಗೆ ಕಾಣುತ್ತೆ. ಇದ್ರಲ್ಲಾದ್ರೆ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು. ಗಿರಾಕಿಗಳಿಗೆ ಹೇಳ್ಬೇಡ, ಮಾನ ಹೋಗುತ್ತೆ."

ಅಳುವಿನ ನಡುವೆಯೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿದ್ದ ಸಂಖ್ಯೆ ಕಣ್ಣಿಗೆ ಬಿತ್ತು.

ಪುಟ ೫೩೮.

"ದೊಡ್ಡಮ್ಮಾ! ಈ ಪುಸ್ತಕದಲ್ಲಿ ಅಷ್ಟು ಪುಟಾನೇ ಇಲ್ಲ!"

"ಅಕ್ಷರ ದೊಡ್ಡದಾದ್ರೆ ಒಂದು ಪುಟದಲ್ಲಿ ಎಷ್ಟು ಹಿಡಿಯುತ್ತೆ ಹೇಳು? ಪುಟ ಮರಿ ಹಾಕ್ತಾ ಹೋಗುತ್ತೆ."

ಚಬಾ ಸ್ಟೂಲಿನ ಮೇಲೆ ಕುಸಿದು ಕೂತಳು.

ಓದಿದ್ದಾನೆ. ಒಂದೊಂದು ಸಾಲೂ ಓದಿದ್ದಾನೆ!

ಸಂತೋಷವಾಗಬೇಕಿತ್ತು. ಆದರೆ ಆಗಲಿಲ್ಲ. ಅರವತ್ತು ದಾಟಿದ ದೊಡ್ಡಮ್ಮನಿಗೆ ದೊಡ್ಡ ಅಕ್ಷರ ಬೇಕು, ಸರಿ. ಮೂವತ್ತಮೂರರ ವಸಿನ್‌ಗೆ ಯಾಕೆ? ಮೂಗಿಗೆ ತಾಗಿಸಿಕೊಂಡ ಪುಸ್ತಕ... ಆ ಓರೆನೋಟ... ಬರೆದು ಕಳಿಸುವ ಬದಲು ದನಿಯ ಸಂದೇಶ...

'ಅದರಲ್ಲಿ ಓದೋರು ಓದುಗರೇ ಅಲ್ಲ' ಅಂದೆನಲ್ಲ ನಾನು!

ಕೂಡಲೇ ಫೋನ್ ಮಾಡಿದಳು. ಈಗ ಅವನು ಎತ್ತಲಿಲ್ಲ.

ಗುರುವಾರ ಬೆಳಗಿನಿಂದಲೇ ಅವಳು ದೋಣಿಕಟ್ಟೆಯಲ್ಲಿ ನಿಂತಳು. ವಾಹನಗಳನ್ನೂ ಜನರನ್ನೂ ಹಿನ್ನೀರಿನ ಆಚೆ ದಡಕ್ಕೆ ಸಾಗಿಸುವ ದೊಡ್ಡ ದೋಣಿ ಹೊರಡುವ ಜಾಗ ಅದು. ಅವನ ಮನೆ ಆಚೆ ದಡದಲ್ಲಿ. ಒಂದು ದೋಣಿ ಹೋಯಿತು, ಇನ್ನೊಂದು ಹೋಯಿತು. 'ಬರ್ಲಿಲ್ಲ ಅಂದ್ರೆ? ಬೇರೆ ದಾರಿ ಹಿಡಿದಿದ್ರೆ?' ಟಿಕೆಟ್ ಕೊಡುವ ಹೆಂಗಸು ಅವಳನ್ನು ಗಮನಿಸುತ್ತಲೇ ಇದ್ದಳು. ಏನೂ ಕೇಳದೆ ತನ್ನ ಕುರ್ಚಿಯನ್ನು ನೆರಳಿಗೆ ಎಳೆದು ಇವಳತ್ತ ತಳ್ಳಿದಳು.

ಮಧ್ಯಾಹ್ನ ದಾಟಿದ ಮೇಲೆ ಅವನು ಬಂದ. ಹೆಗಲಲ್ಲಿ ಚೀಲ.

ಚಬಾ ಎದ್ದು ನೇರ ಅವನ ದಾರಿಗೆ ಅಡ್ಡ ನಿಂತಳು. ಎರಡೇ ಮಾರು ದೂರ. ನಗಲು ಯತ್ನಿಸಿದಳು.

ವಸಿನ್ ಅವಳ ಮುಖವನ್ನೇ ನೋಡಿದ. ಅಪರಿಚಿತರಿಗೆ ದಾರಿ ಬಿಡುವಂತೆ ತಲೆ ಬಾಗಿಸಿ, ಪಕ್ಕಕ್ಕೆ ಸರಿದು, ಮುಂದೆ ನಡೆದುಬಿಟ್ಟ.

ದೇವರೇ...!

"ಪೀ ವಸಿನ್!"

ಅವನು ನಿಂತಲ್ಲೇ ಕಲ್ಲಾದ. ನಿಧಾನವಾಗಿ ತಿರುಗಿ, ತಲೆ ವಾಲಿಸಿದ.

"ಚಬಾ...? ನೀನಾ?"

"ನಾನೇ. ಎದುರಿಗೇ ನಿಂತಿದ್ದೆ!"

ಅವನು ಹೆಗಲ ಚೀಲ ಸರಿಪಡಿಸಿಕೊಂಡ. "ಹಾಗಾದ್ರೆ ಇನ್ನೇನು ಹೇಳೋದು ಉಳೀತು..."

"ಎಲ್ಲ ಉಳಿದಿದೆ. ಹೇಳಿ."

ದೋಣಿ ಬಂತು. ಜನರ ಹಿಂದೆ ಇಬ್ಬರೂ ಹತ್ತಿದರು. ಮೀನಿನ ಬುಟ್ಟಿಯ ಅಜ್ಜಿಯೊಬ್ಬಳು ಅವಳ ಒದ್ದೆ ಕೆನ್ನೆ ನೋಡಿ, ಬುಟ್ಟಿ ಸರಿಸಿ, ಬೆಂಚಿನಲ್ಲಿ ಇಬ್ಬರಿಗಾಗುವಷ್ಟು ಜಾಗ ಮಾಡಿಕೊಟ್ಟಳು.

"ಕಣ್ಣಿನ ಒಳಪರದೆ ನಡುವೆ ಸವೀತಿದೆಯಂತೆ," ಅವನು ನೀರಿನತ್ತ ನೋಡುತ್ತ ಹೇಳಿದ. "ಪೂರ್ತಿ ಕತ್ತಲೆ ಆಗಲ್ಲವಂತೆ. ಆದ್ರೆ ವಾಸಿನೂ ಆಗಲ್ಲ. ಯಾವುದನ್ನ ನೋಡ್ಬೇಕೋ ಅದರ ಮೇಲೇ ಮಸಿ ಚೆಲ್ಲಿದ ಹಾಗೆ. ನಿನ್ನ ಕೂದಲು, ಕಿವಿ, ಭುಜ ಎಲ್ಲ ಕಾಣುತ್ತೆ. ಮುಖ ಮಾತ್ರ ಇಲ್ಲ. ಓರೆಯಾಗಿ ನೋಡಿದ್ರೆ ಸ್ವಲ್ಪ ಸಿಗ್ತೀಯ."

ಚಬಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಪುಸ್ತಕಗಳು?"

"ಎಲ್ಲ ಮನೇಲಿವೆ. ನೀನು ಹಾಕಿದ ಬೈಂಡ್ ಹಾಗೇ ಇದೆ. ಒಂದನ್ನೂ ಓದೋಕಾಗಿಲ್ಲ. ಅವನ್ನ ಈ ಸ್ಲೇಟಲ್ಲಿ ಮತ್ತೆ ಕೊಂಡು ಓದ್ತಿದ್ದೆ. ನಿನ್ನ ಮುಂದೆ ನಿಂತ್ಕೊಳ್ಳೋಕೆ ಬೇರೆ ನೆಪ ಇರಲಿಲ್ಲ."

"ತೂಕದ ಮಾತು ಸುಳ್ಳಾ?"

"ತೂಕ ಹಾಕೋದು ನಿಜ. ಅದಕ್ಕೇ ಇದರಲ್ಲಿ ಓದ್ತೀನಿ ಅಂದಿದ್ದು ಸುಳ್ಳು." ಅವನು ಉಸಿರೆಳೆದುಕೊಂಡ. "ಈ ಕೆಲಸ ಇನ್ನು ಹೆಚ್ಚು ದಿನ ಇರಲ್ಲ. ಕಂಪನಿಯವರ ಕಣ್ಣಿನ ಪರೀಕ್ಷೆ ಇದೆ. ಪುಸ್ತಕಾನೇ ಪ್ರಾಣ ಅನ್ನೋ ಹುಡುಗಿಗೆ ಅಕ್ಷರ ಕಾಣದ ಗಂಡ ಯಾಕೆ ಚಬಾ? ನೀನು ಕರುಣೆಗೆ ಹೂಂ ಅಂದ್ರೆ... ಅದನ್ನ ತಡ್ಕೊಳ್ಳೋಕಾಗಲ್ಲ."

"ಕರುಣೆನಾ?" ಚಬಾ ಸಿಡಿದಳು. ಅಜ್ಜಿ ಬೇಕೆಂದೇ ಬೇರೆ ಕಡೆ ತಿರುಗಿದಳು. "ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ! ಇವನಿಗೆ ಇನ್ಯಾರೋ ಇದ್ದಾಳೆ ಅಂತ ಅತ್ತೆ, ಆಮೇಲೆ ಇವನಿಗೆ ಏನಾಯ್ತೋ ಅಂತ ಅತ್ತೆ. ಕರುಣೆಗೆ ಯಾರಾದ್ರೂ ಇಷ್ಟು ಬೈತಾರಾ? ನನ್ನನ್ನ ಕೇಳದೆ ನನ್ನ ಪರವಾಗಿ ಬೇಡ ಅಂದ್ಬಿಟ್ರಲ್ಲ, ಅದು ನಿಮ್ಮ ತಪ್ಪು. ಓದುಗರೇ ಅಲ್ಲ ಅಂತ ಅಂದಿದ್ದು ನನ್ನ ತಪ್ಪು. ಕ್ಷಮಿಸಿ... ನಂಗೆ ನೀವು ಬೇಕು ಪೀ ವಸಿನ್. ನಿಮಗೆ ನಾನು ಬೇಡವಾದ್ರೆ ಈಗ್ಲೇ ಹೇಳಿ. ಆಚೆ ದಡದಿಂದ ಇದೇ ದೋಣೀಲಿ ವಾಪಸ್ ಹೋಗ್ತೀನಿ."

ದೋಣಿಯ ಎಂಜಿನ್ ಗುಡುಗುಡು ಅನ್ನುತ್ತಿತ್ತು. ಅವನು ತಲೆ ವಾಲಿಸಿ ಅವಳ ಮುಖವನ್ನು ಹುಡುಕಿದ. ಬಹಳ ಹೊತ್ತು ಹುಡುಕಿದ.

"ವಾಪಸ್ ಹೋಗ್ಬೇಡ," ಅಂದ ಕೊನೆಗೆ. "ನಂಗೆ ಬೇಕು ಚಬಾ. ಬೇಡ ಅನ್ನೋಕೆ ಎಷ್ಟು ಅಭ್ಯಾಸ ಮಾಡ್ಕೊಂಡಿದ್ದೆ ಗೊತ್ತಾ? ಬಾಯಿಗೆ ಬರ್ತಾನೇ ಇಲ್ಲ."

ಅವಳು ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅವನ ಚೀಲದಿಂದ ಇ-ರೀಡರ್ ತೆಗೆದು ಇಬ್ಬರ ನಡುವೆ ಹಿಡಿದಳು. ಪರದೆಯ ತುಂಬ ಕಡಲೆಕಾಳಿನಷ್ಟು ದಪ್ಪ ಅಕ್ಷರಗಳು. ಇಡೀ ಪುಟಕ್ಕೆ ಹತ್ತೇ ಸಾಲು.

ಅವಳು ಕಣ್ಣುಹಾಯಿಸುವಷ್ಟರಲ್ಲಿ ಓದಿ ಮುಗಿಸಿದಳು. ಅವನ ಕಣ್ಣು ಒಂದೊಂದೇ ಪದದ ಪಕ್ಕ ನಿಂತು ಸಾಗುತ್ತಿತ್ತು. ಅವಳು ಕಾದಳು.

"ಹೂಂ," ಅಂದ. ಅವಳು ಪುಟ ತಿರುಗಿಸಿದಳು.

"ಬೇಜಾರಾಗಲ್ವಾ ನಿಂಗೆ? ಇನ್ನೂರ ಅರವತ್ತು ಪುಟದ ಕಥೆ ಹೀಗೆ ಓದಿದ್ರೆ ಏಳುನೂರಕ್ಕೆ ಹೋಗುತ್ತೆ."

"ಹೋಗ್ಲಿ ಬಿಡಿ." ಚಬಾ ಅವನ ಭುಜಕ್ಕೆ ಒರಗಿದಳು. "ಅಷ್ಟು ಹೊತ್ತು ಜೊತೇಲಿ ಕೂರಬಹುದಲ್ಲ. ಓದಿ, ಓದಿ... ದಡ ಬಂದ್ರೆ ನಾನು ಹೇಳ್ತೀನಿ."