ಮೊಣಕೈ ಹಿಂದಿನ ಜೇಬು

ಬೆಳಿಗ್ಗೆ ಹತ್ತೂವರೆ. ಬಟ್ಟೆ ತರಲು ಹೊರಟಿದ್ದ ದರ್ಜಿ ರಸ್ತೆ ತಿರುವಿನ ದೊಡ್ಡ ಅಂಗಡಿಯ ಮುಂದೆ ಗಕ್ಕನೆ ನಿಂತಳು. ಗಾಜಿನೊಳಗಿನ ಬೊಂಬೆಯ ಮೈಮೇಲೆ ಅವಳದೇ ಕೋಟು.

ಅವಳದೇ, ಆದರೆ ಅವಳು ಹೊಲಿದದ್ದಲ್ಲ. ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದಾದ ಮಡಿಕೆ ತೋಳು, ಕಪ್ಪೆಕಣ್ಣಿನ ಟೋಪಿ, ಓರೆಯಾಗಿ ಇಳಿದ ಗುಂಡಿಸಾಲು. ಹನ್ನೆರಡು ದಿನದ ಹಿಂದೆ ಮನೆಯ ಕಂಪ್ಯೂಟರಿನಲ್ಲಿ ಆ ಚಿತ್ರ ಬರೆದಿದ್ದಳು. ಬಟ್ಟೆಗೆ ಇನ್ನೂ ಕತ್ತರಿ ಹಾಕಿರಲಿಲ್ಲ.

ಅವಳ ಚಿತ್ರ ಹೀಗೆ ಕಳುವಾಗುತ್ತಿರುವುದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅವಳ ಅನುಮಾನ ಹೋದದ್ದು ಗುಂಡಿಯಮ್ಮನ ಮೇಲೆ. ಹನ್ನೊಂದು ವರ್ಷದಿಂದ ಮನೆಗೆ ಬಂದು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದ ಹಿರಿಯ ಹೆಂಗಸು. "ನೀವಲ್ಲದೆ ಇನ್ಯಾರು ನೋಡ್ತಾರೆ?" ಎಂದು ಮುಖಕ್ಕೆ ಹೊಡೆದಂತೆ ಕೇಳಿದ್ದಳು. ಗುಂಡಿಯಮ್ಮ ಕೈಯಲ್ಲಿದ್ದ ಸೂಜಿ ಕೆಳಗಿಟ್ಟರು. ಕನ್ನಡಕ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಅದಾಗಿ ಮೂರು ವಾರ.

ಚಿತ್ರ ಹುಟ್ಟುವ ಮೊದಲೇ ಮನೆ ಬಿಟ್ಟವರು ಅದನ್ನು ಕದಿಯುವುದು ಹೇಗೆ?

* * *

ಸೈಬರ್ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದ ತಂಗಿ ಮಧ್ಯಾಹ್ನವೇ ಬಂದಳು. ಕತ್ತರಿಸಿದ ಬಟ್ಟೆಯ ರಾಶಿ ಸರಿಸಿ ಕುರ್ಚಿಯಲ್ಲಿ ಕೂತಳು.

"ಅಕ್ಕ, ಈಗ ನಿನ್ನ ಚಿತ್ರ ನೋಡೋರು ಯಾರ್ಯಾರು?"

"ನಾನು. ನಿಮ್ಮ ಭಾವ."

"ಭಾವ ಹೊರಗೆ ಬಾಯಿ ಬಿಡ್ತಾರಾ?"

ದರ್ಜಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಬಸ್ ಓಡಿಸುವ ಗಂಡನ ಬಾಯಿಗೆ ಬೀಗವಿಲ್ಲ. "ಆ ಅಂಗಡಿ ಮ್ಯಾನೇಜರ್ ಜೊತೆ ದಿನಾ ಚಹಾ ಕುಡೀತಾರೆ ಕಣೇ."

"ಸುಮ್ಮನೆ ಊಹೆ ಬೇಡ. ಒಬ್ಬರ ಮೇಲೆ ಗೂಬೆ ಕೂರಿಸಿದ್ದು ಸಾಕು. ಪರೀಕ್ಷೆ ಮಾಡಿ ನೋಡೋಣ."

ಅವತ್ತೇ ದರ್ಜಿ ಎರಡು ಕೋಟು ಬರೆದಳು. ಎಲೆಯಾಕಾರದ ಕಾಲರಿನದನ್ನು ಬರೀ ಕಾಗದದ ಮೇಲೆ ಬರೆದು ಗಂಡನಿಗೆ ತೋರಿಸಿದಳು. ಇನ್ನೊಂದನ್ನು ಕಂಪ್ಯೂಟರಿನಲ್ಲಿ ಮಾತ್ರ ಬರೆದು ಯಾರಿಗೂ ಹೇಳಲಿಲ್ಲ. ಅದರ ಎಡ ಮೊಣಕೈ ಹಿಂದೆ, ತಂಗಿ ಹೇಳಿದಂತೆ, ಯಾವ ಕೆಲಸಕ್ಕೂ ಬಾರದ ಒಂದು ಪುಟ್ಟ ಜೇಬು.

ಹತ್ತನೆಯ ದಿನ ಅಂಗಡಿಯ ಗಾಜಿನ ಮೇಲೆ ಬಣ್ಣದ ಚೀಟಿ: "ಹೊಸ ಫ್ಯಾಷನ್! ಮೊಣಕೈ ಜೇಬು!"

ಅಕ್ಕ ತಂಗಿ ನಡುರಸ್ತೆಯಲ್ಲೇ ಬಿದ್ದುಬಿದ್ದು ನಕ್ಕರು. ಮೊದಲು ನಗು ನಿಲ್ಲಿಸಿದ್ದು ತಂಗಿ.

"ಎಲೆ ಕಾಲರ್ ಬಂದಿಲ್ಲ, ಭಾವ ಪಾರಾದ್ರು. ಕಳ್ಳ ಕಂಪ್ಯೂಟರ್ ಒಳಗೇ ಇದಾನೆ."

* * *

ಕಂಪ್ಯೂಟರ್ ಶುರುವಾದ ಕೂಡಲೇ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿಯನ್ನು ತಂಗಿ ತೆರೆದಳು. ಒಂದರ ಮೇಲೆ ಬೆರಳಿಟ್ಟಳು.

"ಪ್ರಿಂಟರ್ ಸಹಾಯಕ. ನಿಮ್ಮನೆಗೆ ಪ್ರಿಂಟರ್ ಯಾವಾಗ ಬಂತು?"

"ಬಂದೇ ಇಲ್ಲ."

"ಮತ್ತೆ ಇದು ಯಾರಿಗೆ ಸಹಾಯ ಮಾಡ್ತಿದೆ? ಪರದೆ ಮೇಲೆ ಇರೋದನ್ನ ಫೋಟೋ ತೆಗೆಯುತ್ತೆ. ನೀನು ಒತ್ತಿದ ಅಕ್ಷರ ಅಷ್ಟೂ ಬರ್ಕೊಳುತ್ತೆ. ಇಂಟರ್‌ನೆಟ್ ಸಿಕ್ಕ ತಕ್ಷಣ ಯಾರಿಗೋ ಕಳಿಸುತ್ತೆ."

"ಅಂದ್ರೆ ವೈರಸ್ಸಾ?"

"ಜನ ಎಲ್ಲದಕ್ಕೂ ಅದೇ ಹೆಸರು ಹೇಳ್ತಾರೆ. ವೈರಸ್ ಒಂದು ಫೈಲಿಂದ ಇನ್ನೊಂದಕ್ಕೆ ಅಂಟ್ಕೊಂಡು ಹರಡುತ್ತೆ. ಇದು ಗೂಢಚಾರ ಜಾತಿ. ಏನೂ ಕೆಡಿಸಲ್ಲ, ಸದ್ದಿಲ್ಲ. ಅದಕ್ಕೇ ನಿಂಗೆ ಗೊತ್ತಾಗ್ಲಿಲ್ಲ." ತಂಗಿಯ ಹುಬ್ಬು ಗಂಟಿಕ್ಕಿತು. "ಕಾವಲಿನ ಆಂಟಿವೈರಸ್ ಆಫ್ ಆಗಿದೆಯಲ್ಲ, ಯಾರು ಮಾಡಿದ್ದು? ಎರಡು ತಿಂಗಳ ಹಿಂದೆ, ನಾಲ್ಕನೇ ತಾರೀಕು. ಹನ್ನೊಂದು ಇಪ್ಪತ್ತಕ್ಕೆ ಈ ಸಹಾಯಕ ಒಳಗೆ ಬಂದಿದೆ."

ದರ್ಜಿ ಅಳತೆ ಪುಸ್ತಕ ತಿರುವಿದಳು. ಆ ದಿನದ ಅಂಚಿನಲ್ಲಿ ಎರಡೇ ಪದ: ಮೆಷಿನ್‌ಗೆ ಎಣ್ಣೆ.

ಎಲ್ಲ ನೆನಪಾಯಿತು. ಎಣ್ಣೆ ಹಾಕಲು ಬಂದಿದ್ದ ಹೊಲಿಗೆ ಮೆಷಿನ್ನಿನ ಮೆಕ್ಯಾನಿಕ್ ಪೆನ್‌ಡ್ರೈವ್ ಕೊಟ್ಟಿದ್ದ. ಎರಡು ಸಾವಿರ ಹೂವಿನ ನಮೂನೆ, ಪೂರ್ತಿ ಉಚಿತ. ಹಾಕಿದೊಡನೆ ಪರದೆಯಲ್ಲಿ ಕೆಂಪು ಎಚ್ಚರಿಕೆ. "ಹೊಸದು ಕಂಡ್ರೆ ಅದು ಹೀಗೇ ಕಿರುಚುತ್ತೆ ಮೇಡಂ, ಆಫ್ ಮಾಡಿ" ಎಂದಿದ್ದ. ಮಾಡಿದ್ದಳು. ಮುಂದೆ ಕೇಳಿದ್ದಕ್ಕೆಲ್ಲ "ಹೌದು" ಒತ್ತಿದ್ದಳು.

"ಹಾಗಾದ್ರೆ ಅವನೇ!"

"ಇರಬಹುದು. ಆದ್ರೆ ಬೇರೆ ಯಾರ ಕಂಪ್ಯೂಟರಿಂದಲೋ ಅವನ ಪೆನ್‌ಡ್ರೈವಿಗೆ ಸೇರ್ಕೊಂಡಿದ್ರೆ? ಅವನಿಗೇ ಗೊತ್ತಿಲ್ದೆ ಹೊತ್ಕೊಂಡು ಬಂದಿದ್ರೆ? ಮತ್ತೆ ಅದೇ ತಪ್ಪು ಮಾಡೋದು ಬೇಡ ಅಕ್ಕ."

ದರ್ಜಿ ತಲೆ ತಗ್ಗಿಸಿದಳು.

"ಈಗ ನಿನ್ನ ಗೆಳತಿಗೆ ಒಂದು ಕಾಗದ ಟೈಪ್ ಮಾಡು. ಮೆಷಿನ್ ಮಧ್ಯೆ ಮಧ್ಯೆ ಹೊಲಿಗೆ ಬಿಡ್ತಿದೆ, ಗುರುವಾರ ಬೇರೆ ಮೆಕ್ಯಾನಿಕ್ ಬರ್ತಾನೆ, ಹೊಸ ಕಂಪ್ಯೂಟರೂ ತಗೋತಿದೀನಿ ಅಂತ."

"ಆಮೇಲೆ ಕಳಿಸಲಾ?"

"ಬೇಡ. ಟೈಪ್ ಮಾಡಿ ಅಳಿಸಿಬಿಡು."

* * *

ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಮೆಕ್ಯಾನಿಕ್. ಕೈಯಲ್ಲಿ ಸಾಮಾನಿನ ಪೆಟ್ಟಿಗೆ, ಮುಖದ ತುಂಬ ನಗು.

"ಮೆಷಿನ್ ಹೊಲಿಗೆ ಬಿಡ್ತಿದೆಯಂತೆ ಮೇಡಂ? ಹಾಗೇ ಹೊಸ ನಮೂನೆನೂ ತಂದಿದೀನಿ." ಅಂಗಿ ಜೇಬಿನಿಂದ ಪೆನ್‌ಡ್ರೈವ್ ತೆಗೆದ.

"ಯಾರು ಹೇಳಿದ್ರು?"

"ನಿಮ್ಮ ಯಜಮಾನ್ರೇ. ನಿನ್ನೆ ಸಿಕ್ಕಿದ್ರು."

ಒಳಗಿನಿಂದ ಗಂಡನ ದನಿ ಬಂತು. "ನಂಗೆ ಗೊತ್ತಿದ್ದಿದ್ರೆ ಇಡೀ ಬಸ್ಸಿಗೇ ಗೊತ್ತಿರ್ತಿತ್ತಪ್ಪ!"

ಮೂಲೆಯ ಕುರ್ಚಿಯಲ್ಲಿ ಕಾದು ಕೂತಿದ್ದ ತಂಗಿ ಎದ್ದುಹೋಗಿ ಮೆಷಿನ್ ತುಳಿದಳು. ಬಿಳಿ ಬಟ್ಟೆಯ ಮೇಲೆ ಹೊಲಿಗೆ ಗೆರೆ ಎಳೆದಂತೆ ನೇರವಾಗಿ ಓಡಿತು.

"ಮೆಷಿನ್ ಕೆಟ್ಟಿಲ್ಲ. ಕೆಟ್ಟಿದೆ ಅಂತ ನಾವು ಯಾರಿಗೂ ಹೇಳಿಲ್ಲ. ಒಂದೇ ಸಲ ಈ ಕಂಪ್ಯೂಟರಲ್ಲಿ ಟೈಪ್ ಮಾಡಿ, ಕಳಿಸದೆ ಅಳಿಸಿದ್ವಿ. ಆ ಮಾತು ಗೊತ್ತಾಗೋಕೆ ಇದ್ದಿದ್ದು ಒಂದೇ ದಾರಿ, ನೀವು ಒಳಗೆ ಬಿಟ್ಟ ಪ್ರಿಂಟರ್ ಸಹಾಯಕ. ಹಳೇ ಕಂಪ್ಯೂಟರ್ ಹೋಗುತ್ತೆ ಅಂತ ಓದಿದ್ರಿ. ಹೊಸದಕ್ಕೂ ಹಾಕೋಕೆ ಓಡಿ ಬಂದ್ರಿ."

ಮೆಕ್ಯಾನಿಕ್ ಸ್ಟೂಲಿನ ಮೇಲೆ ಕುಸಿದು ಕೂತ. ನಿಧಾನವಾಗಿ ಎಲ್ಲ ಹೊರಬಂತು. ಹೊಲಿಯುವವರ ಹದಿನಾಲ್ಕು ಮನೆಗೆ ಅವನು ಇದೇ ಪೆನ್‌ಡ್ರೈವ್ ಕೊಟ್ಟಿದ್ದ. ಅವನ ಕೈಸೇರಿದ ಚಿತ್ರಗಳು ದುಡ್ಡಿಗೆ ಹೋಗುತ್ತಿದ್ದದ್ದು ದೊಡ್ಡ ಅಂಗಡಿಯ ಮ್ಯಾನೇಜರಿಗೆ.

"ನಾನು ನಿಮ್ಮನೆಯಿಂದ ಒಂದು ಸೂಜಿನೂ ತಗೊಂಡು ಹೋಗಿಲ್ಲ ಮೇಡಂ. ಚಿತ್ರ ನಿಮ್ಮ ಹತ್ರಾನೇ ಇದೆಯಲ್ಲ."

"ಇದೆ," ಎಂದಳು ದರ್ಜಿ. "ಗುಂಡಿಯಮ್ಮ ಇಲ್ಲ."

* * *

ಸಾಕ್ಷಿಗೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ತಂಗಿ ಇಂಟರ್‌ನೆಟ್ ತಂತಿ ಕಿತ್ತಳು. ಚಿತ್ರಗಳನ್ನು ಪರೀಕ್ಷಿಸಿ ಬೇರೆ ಡಿಸ್ಕಿಗೆ ಇಳಿಸಿ, ಕಂಪ್ಯೂಟರನ್ನು ಪೂರ್ತಿ ಅಳಿಸಿ ಎಲ್ಲ ಪ್ರೋಗ್ರಾಮುಗಳನ್ನು ಹೊಸದಾಗಿ ಹಾಕಿದಳು. ಅಕ್ಕನ ಪಾಸ್‌ವರ್ಡುಗಳನ್ನೆಲ್ಲ ತನ್ನ ಫೋನಿನಿಂದ ಬದಲಾಯಿಸಿದಳು.

"ಆ ಸಹಾಯಕನ್ನ ಮಾತ್ರ ತೆಗೆದ್ರೆ ಸಾಲದಾ?"

"ಇನ್ನೇನು ಬಚ್ಚಿಟ್ಟಿದಾನೋ ಯಾರಿಗೆ ಗೊತ್ತು? ಇನ್ಮೇಲೆ ಅಪ್‌ಡೇಟ್ ಕೇಳಿದಾಗ ನಾಳೆ ಅನ್ನಬೇಡ. ದಿನದ ಕೆಲಸಕ್ಕೆ ಕಂಪ್ಯೂಟರಲ್ಲಿ ಬೇರೆ ಖಾತೆ ಮಾಡಿದೀನಿ, ಅದರಿಂದ ಹೊಸ ಪ್ರೋಗ್ರಾಮ್ ಸುಲಭವಾಗಿ ಒಳಗೆ ಬರಲ್ಲ. ವಾರಕ್ಕೊಮ್ಮೆ ಚಿತ್ರಗಳನ್ನ ಡಿಸ್ಕಿಗೆ ಹಾಕಿ ಡಿಸ್ಕ್ ಬಿಚ್ಚಿಡು. ಮತ್ತೆ, ಕಾವಲಿರೋದನ್ನ ಆಫ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ, ಮೊದಲು ನಂಗೆ ಫೋನ್ ಮಾಡು."

ದರ್ಜಿ ಖಾಲಿ ಪರದೆಯನ್ನೇ ನೋಡುತ್ತ ಕೂತಳು. "ಹನ್ನೊಂದು ವರ್ಷ ನೋಡಿದವರನ್ನ ನಂಬಲಿಲ್ಲ ನಾನು. ಅವನು ಅರ್ಧ ಗಂಟೆ ಕೂತು ಎದ್ದ, ನಂಬಿಬಿಟ್ಟೆ."

ತಂಗಿ ಎದ್ದಳು. ಅಕ್ಕನ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು.

ಗುಂಡಿಯಮ್ಮನ ಮನೆ ಮೂರು ಬೀದಿ ಆಚೆ. ಅವರು ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. ದರ್ಜಿ ನಿಂತುಕೊಂಡೇ ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡದೆ. ಕೊನೆಗೆ ಎರಡೂ ಕೈ ಮುಗಿದಳು. "ತಪ್ಪಾಯ್ತು, ಗುಂಡಿಯಮ್ಮ."

ಅವರು ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿ ಪಕ್ಕಕ್ಕಿಟ್ಟರು.

"ಕಳ್ಳ ಸಿಕ್ಕಿದ್ದಕ್ಕೆ ಬಂದೆ. ಸಿಗದೇ ಇದ್ದಿದ್ರೆ?"

ಮಡಚಲು ಉಳಿದಿದ್ದ ಒಂದು ಟವೆಲನ್ನು ದರ್ಜಿ ಎತ್ತಿಕೊಂಡು ಮಡಚಿದಳು.

"ಸೋಮವಾರದಿಂದ ಬರ್ತೀನಿ," ಎಂದರು ಗುಂಡಿಯಮ್ಮ. "ಆದ್ರೆ ಮೊದಲಿನ ಹಾಗೆ ಮಾತಾಡ್ತೀನಿ ಅಂತ ಈಗಲೇ ಅಂದ್ಕೋಬೇಡ."

ಆಮೇಲೆ ಸ್ವಲ್ಪ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟರು. ದರ್ಜಿ ಕೂತಳು.