ಪೂಜೆ ಕಾಣದ ಪಿನ್ನು

ಮನೋಳಿಯ ಹೊಳೆದಂಡೆಯ ಕಬ್ಬಿನ ಹೊಲದಲ್ಲಿ ಗೌರೀಶ ಬೋರಲು ಬಿದ್ದಿದ್ದ. ಬೆನ್ನಿಗೆ ಗುಂಡು. ಒಡ್ಡಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಖಾಲಿ ಕಾಡತೂಸು. ದಸರೆ ಮುಗಿದು ವಾರವೂ ಆಗಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ರಾಜೇಶ್ವರಿ ಜೀಪಿನಿಂದ ಇಳಿಯುವಷ್ಟರಲ್ಲೇ ಸತ್ತವನ ಅಣ್ಣ ಮಡಿವಾಳೆಪ್ಪ ಎದುರಿಗೆ ಬಂದ. ಕಣ್ಣಲ್ಲಿ ನೀರು, ಕೈಯಲ್ಲಿ ಬಂದೂಕು.

"ನಮ್ಮ ಅಜ್ಜನ ಬಂದೂಕು, ಮೇಡಮ್ಮಾರ. ಲೈಸೆನ್ಸ್ ಐತಿ. ನೀವು ಕೇಳೂಕಿಂತ ಮೊದಲ ತಂದೇನಿ. ಪರೀಕ್ಷೆಗೆ ಕಳಸ್ರಿ. ಆಮ್ಯಾಲೆ ಆ ವೆಲ್ಡಿಂಗ್ ನೀಲಪ್ಪನ್ನ ಹಿಡೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ರಾಜೇಶ್ವರಿಗೂ ನೆನಪಾಯಿತು. ಆದರೆ ಬರೀ ಗಾದೆ ನಂಬಿ ಯಾರ ಕೈಗೆ ಬೇಡಿ ಹಾಕುವುದು?

* * *

ನೀಲಪ್ಪನದು ಸವದತ್ತಿಯಲ್ಲಿ ವೆಲ್ಡಿಂಗ್ ಅಂಗಡಿ. ಅವನ ತಂಗಿ ಪ್ರಣಿತಾ ನರ್ಸು. ಅವಳೂ ಗೌರೀಶನೂ ರಿಜಿಸ್ಟರ್ ಮದುವೆಗೆ ತಯಾರಾಗಿದ್ದರು. ಜಾತಿ ಬೇರೆ. ಆ ಮನೆಯಲ್ಲಿ ತಂಗಿ ಬಾಳಲಾರಳು ಎಂಬ ಹೆದರಿಕೆಯಲ್ಲಿ ನೀಲಪ್ಪ ಬಸ್ ಸ್ಟ್ಯಾಂಡಿನಲ್ಲಿ ಗೌರೀಶನ ಕೊರಳಪಟ್ಟಿ ಹಿಡಿದಿದ್ದ. ಊರೆಲ್ಲ ನೋಡಿತ್ತು. ಅಂಗಡಿಯಲ್ಲಿ ಕೊಯ್ದ ಪೈಪುಗಳು ಸಿಕ್ಕವು. ನಾಡಬಂದೂಕು ಮಾಡಲು ಇನ್ನೇನು ಬೇಕು ಎಂದರು ಮೇಲಿನವರು. ನೀಲಪ್ಪ ಲಾಕಪ್ಪಿಗೆ ಬಿದ್ದ.

ಪರೀಕ್ಷೆಯ ಫಲವೂ ಬಂತು. ಕಾಡತೂಸಿನ ಬೆನ್ನಿಗೆ ಬಡಿದು ಗುಂಡು ಹಾರಿಸುವ ಪಿನ್ನು ಉಳಿಸಿದ ಗುರುತು ಮಡಿವಾಳೆಪ್ಪನ ಬಂದೂಕಿಗೆ ಹೊಂದಲಿಲ್ಲ.

"ಮುಗೀತಲ್ರಿ," ಎಂದ ಹವಾಲ್ದಾರ ಬೀರಪ್ಪ. "ನಾಳೆ ನೀಲಪ್ಪನ್ನ ಜೈಲಿಗೆ ಕಳಸೂದ."

ಬಾಗಿಲಲ್ಲಿ ಪ್ರಣಿತಾ ನಿಂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ಒಬ್ಬಾಂವ ಹ್ವಾದ. ಇನ್ನೊಬ್ಬಾಂವನ್ನ ನೀವು ಕೊಲ್ಲಬ್ಯಾಡ್ರಿ, ಅಕ್ಕಾರ."

ರಾಜೇಶ್ವರಿ ಬಂದೂಕನ್ನು ಮತ್ತೆ ಕೈಗೆತ್ತಿಕೊಂಡಳು.

ಹಿಡಿಯ ಮೇಲೆ ವಿಭೂತಿಯ ಗೆರೆ. ನಳಿಗೆಗೆ ಕುಂಕುಮ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಹಚ್ಚಿದ್ದು. ಆ ಸೀಮೆಯ ಹಳೆಯ ಮನೆಗಳಲ್ಲಿ ಅದನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಸ್ಕ್ರೂಗಳ ಸಂದಿಯಲ್ಲೂ ಕೆಂಪು ಕೂತಿತ್ತು. ಗುಂಡು ಹಾರಿಸುವ ಕುದುರೆಯೂ ಕೆಂಪು. ಆ ಕುದುರೆ ಬಡಿಯುವ ಪಿನ್ನಿನ ತಲೆ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

"ಬೀರಪ್ಪ, ಜೀಪ್ ತಗೀರಿ."

* * *

ಮಡಿವಾಳೆಪ್ಪ ಪಡಸಾಲೆಯಲ್ಲಿ ಕೂತಿದ್ದ. ಒಳಗೆ ದೇವರ ಜಗಲಿಯ ಮುಂದೆ, ದೀಪಕ್ಕೆ ಎಣ್ಣೆ ಹಾಕುತ್ತ, ಅವನ ತಾಯಿ ತಂಗೆವ್ವ.

"ಪಿನ್ನು ಬದಲಿ ಮಾಡೀರಿ?" ಎಂದಳು ರಾಜೇಶ್ವರಿ.

ಅವನು ತಡವರಿಸಿದ. ಆಮೇಲೆ ನಕ್ಕ. "ಹಳೇದು ಸವದಿತ್ರಿ. ವಿಲಾಯತಿ ಬಂದೂಕು, ಸಾಮಾನು ಇಲ್ಲಿ ಸಿಗಂಗಿಲ್ಲ. ಹೊರದೇಶದಿಂದ ತರಿಸಿದೆ."

"ಅದಕ್ಕ ಲೈಸೆನ್ಸ್?"

"ಬಂದೂಕಿಗೆ ಐತೆಲ್ರಿ!"

"ಇಟ್ಕೊಳ್ಳೂ ಲೈಸೆನ್ಸ್ ಬ್ಯಾರೆ, ಗಡಿ ದಾಟಿಸಿ ತರಿಸೂ ಲೈಸೆನ್ಸ್ ಬ್ಯಾರೆ. ಪಿನ್ನು ಒಂದ ಆದ್ರೂ ಕಾನೂನಿಗೆ ಅದೂ ಆಯುಧನ."

"ಬೆರಳಿನಷ್ಟೂ ಇಲ್ಲದ್ದಕ್ಕ ಇಷ್ಟೆಲ್ಲಾ ಏನ್ರಿ? ಆತು, ತಪ್ಪಾತು. ಆ ಕೇಸ್ ಹಾಕ್ರಿ."

ಸಣ್ಣ ತಪ್ಪು ಎಷ್ಟು ಸಲೀಸಾಗಿ ಒಪ್ಪಿದ ಪುಣ್ಯಾತ್ಮ!

"ಯಾವಾಗ ಕೂಡಿಸಿದ್ರಿ?"

"ಶ್ರಾವಣದಾಗ."

"ಹಳೇದು?"

"ಆವಾಗನ ಒಗದೆ."

"ಒಗದಿದ್ದಿ ಖರೆ," ಒಳಗಿನಿಂದ ತಂಗೆವ್ವನ ದನಿ ಬಂತು. "ಆದ್ರ ಗೌರೀಶ ಹ್ವಾದ ಮರುದಿನ ಅಲ್ಲೇನೋ? ತಿಪ್ಪ್ಯಾಗ ಬಿದ್ದಿತ್ತವ್ವಾ. ಪೂಜಿ ಆದದ್ದು ತಿಪ್ಪ್ಯಾಗ ಒಗೀತಾರೇನು? ನಾನ ಆರಿಸಿ ಜಗಲಿ ಮ್ಯಾಲೆ ಇಟ್ಟೇನಿ."

ಮುದುಕಿ ಹೊರಬಂದು ಅಂಗೈ ಚಾಚಿದಳು. ಕಪ್ಪು ಕಬ್ಬಿಣದ ಪಿನ್ನು. ತಲೆಯ ಮೇಲೆ ಕುಂಕುಮ.

ಮಡಿವಾಳೆಪ್ಪನ ಮುಖ ಸುಣ್ಣವಾಯಿತು.

"ಶ್ರಾವಣದಾಗ ಹೊಸಾದು ಕೂಡಿಸಿದ್ರ, ದಸರೆ ಕುಂಕುಮ ಅದಕ್ಕ ಹತ್ತಬೇಕಿತ್ತು," ಎಂದಳು ರಾಜೇಶ್ವರಿ. "ಹತ್ತಿಲ್ಲ. ಹಳೇದಕ್ಕ ಹತ್ತೈತಿ. ಅಂದ್ರ ಪೂಜಿ ಆದಮ್ಯಾಲೆ ಬದಲಾಗೈತಿ. ತಮ್ಮನ್ನ ಹಳೇ ಪಿನ್ನಿಲೆ ಹೊಡದ್ರಿ. ಆಮ್ಯಾಲೆ ಹೊಸಾದು ಕೂಡಿಸಿದ್ರಿ. ಕಾಡತೂಸು ಮರತು ಬಿಟ್ಟಿದ್ದಲ್ಲ, ಪರೀಕ್ಷೆಗೆ ಹೋಗಲಿ ಅಂತನ ಬಿಟ್ಟಿದ್ದು. ಗುರುತು ಕೂಡಂಗಿಲ್ಲ, ಎಲ್ಲಾರೂ ನೀಲಪ್ಪನ ಪೈಪ್ ನೋಡ್ತಾರ. ಹಳೇದನ್ನ ಹೊಳಿಗೆ ಒಗಿಬೇಕಂದ್ರ ದಂಡಿ ತುಂಬ ನಮ್ಮ ಮಂದಿ. ಹಂಗಾಗಿ ತಿಪ್ಪಿ. ಈಗ ಇದನ್ನ ಪರೀಕ್ಷೆ ಮಾಡಿಸಿದ್ರ ಗುರುತು ತಾನ ಮಾತಾಡ್ತದ."

ಅವನು ಎದ್ದು ಬಾಗಿಲ ಕಡೆ ನೋಡಿದ. ಅಲ್ಲಿ ಬೀರಪ್ಪ ನಿಂತಿದ್ದ.

"ಸಿಟ್ಟಿನ ಕೈಯಾಗ ಆದ ಕೊಲಿ ಅಲ್ಲ ಇದು. ಹೊಸಾ ಪಿನ್ನಿನ ಪಾರ್ಸಲ್ ಬರೂತನಕಾ ದಿನಾ ತಮ್ಮನ ಬಾಜೂಕ ಕುಂತು ಉಂಡೀರಿ."

"ಮತ್ತೇನ ಮಾಡ್ಲಿ?" ಮಡಿವಾಳೆಪ್ಪ ಒಮ್ಮೆಲೇ ಅರಚಿದ. "ಆ ಹುಡುಗಿ ನಮ್ಮ ಹೊಸ್ತಿಲಾ ದಾಟಬೇಕಿತ್ತೇನು?"

ಬೀರಪ್ಪ ಅವನ ರಟ್ಟೆ ಹಿಡಿದ.

ತಂಗೆವ್ವ ಅತ್ತ ನೋಡಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಿದ್ದಳು. "ನಾ ಇದನ್ನ ತಿಪ್ಪ್ಯಾಗನ ಬಿಟ್ಟಿದ್ರ..." ಎಂದಳು.

ರಾಜೇಶ್ವರಿ ಸಾಕ್ಷಿಯ ಲಕೋಟೆ ಬಿಚ್ಚಿ ಹಿಡಿದಳು.

ಮುದುಕಿ ಪಿನ್ನನ್ನು ಮುಷ್ಟಿಯಲ್ಲಿ ಬಿಗಿದಳು, ಬಹಳ ಹೊತ್ತು ಬಿಚ್ಚಲಿಲ್ಲ. ಕೊನೆಗೆ ತಾನೇ ಪಿನ್ನನ್ನು ಲಕೋಟೆಯೊಳಗೆ ಹಾಕಿದಳು.

"ನೀಲಪ್ಪನ ತಾಯಿ ಕೃಷ್ಣವ್ವ ನನಗ ಗೊತ್ತು," ಎಂದಳು. "ಆಕಿ ಮಗನ್ನರ ಮನಿಗೆ ಕಳಸ್ರಿ."