ಶೀಳನೆರೆ ಮೇಷ್ಟ್ರ ಇಂಗ್ಲಿಷ್ ಪೆಟ್ಟಿಗೆ

ಸಿಂಧಘಟ್ಟದ ನಿವೃತ್ತ ದಫೇದಾರ ರಂಗಸ್ವಾಮಿಯ ಮನೆಗೆ ಯಾರೇ ದೂರು ಹೊತ್ತು ಬಂದರೂ, ಜಗುಲಿಯಲ್ಲಿ ಕೂತ ಅವನನ್ನು ದಾಟಿಕೊಂಡು "ಗೌರಮ್ಮಾರು ಅವ್ರಾ?" ಎಂದೇ ಕೇಳುತ್ತಿದ್ದರು. ಪುಟ್ಟಗೌರಮ್ಮ ಅವನ ಅತ್ತಿಗೆ. ಲಾಠಿ ಹಿಡಿದು ಸವೆದವನು ಇವನು, ಕಳ್ಳರನ್ನು ಹಿಡಿದು ಹೆಸರು ಮಾಡಿದವಳು ಅವಳು! ಅದನ್ನು ನೆನೆದಾಗಲೆಲ್ಲ ರಂಗಸ್ವಾಮಿಯ ಹೊಟ್ಟೆ ಉರಿಯುತ್ತಿತ್ತು. ಆದರೂ ಅತ್ತಿಗೆ ಹೊರಟಲ್ಲಿಗೆಲ್ಲ ಹಿಂದೆ ಹಿಂದೆ ಹೋಗುವವನೂ ಅವನೇ.

1994ರ ವಿಜಯದಶಮಿಯ ಬೆಳಿಗ್ಗೆ ಶೀಳನೆರೆಯ ಚಿಕ್ಕಬೋರಮ್ಮ ಏದುಸಿರು ಬಿಡುತ್ತ ಬಂದಳು.

"ನನ್ ಮೊಮ್ಮಗ್ಳು ದಿವ್ಯನ್ನ ಕಳ್ಳಿ ಮಾಡ್ಬುಟ್ರು ಕಣವ್ವ! ಮೇಷ್ಟ್ರ ಇಂಗ್ಲೀಸು ಪೆಟ್ಗೆ ಕದ್ದವ್ಳಂತೆ. ನಾಳೆ ಪೇಟೇಲಿ ಇಂಗ್ಲೀಸು ಸ್ಪರ್ಧೆ. ಗೆದ್ರೆ ಮೈಸೂರ್ನಾಗೆ ಪುಕ್ಕಟೆ ಓದು, ಹಾಸ್ಟ್ಲು. ಇಲ್ದಿದ್ರೆ ನಾಗಮಂಗಲದ ಗಂಡಿಗೆ ಕೊಟ್ಬುಡ್ತೀನಿ ಅಂತ ಕುಂತವ್ನೆ ಅವ್ರಪ್ಪ ಪುಟ್ಟಸ್ವಾಮಿ."

ಬಸ್ಸಿನಲ್ಲಿ ಮುದುಕಿ ಉಳಿದದ್ದನ್ನೂ ಹೇಳಿದಳು. ಶಿವಲಿಂಗಯ್ಯ ಮೇಷ್ಟ್ರು ರಟ್ಟಿನ ಚೀಟಿಗಳ ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಅದರ ಅರ್ಥ, ಬಳಸುವ ಬಗೆ, ಸಮಾನ ಪದ, ವಿರುದ್ಧ ಪದ ಬರೆದು ಮರದ ಪೆಟ್ಟಿಗೆಯಲ್ಲಿಟ್ಟಿದ್ದರು. ಅದರಲ್ಲೇ ಕಲಿತವರು ದಿವ್ಯ ಮತ್ತು ಅವಳ ಗೆಳತಿ ರಮ್ಯ. ಡೈರಿಗೆ ಹಾಲು ಹಾಕಲು ನಿಂತಾಗಲೂ ಒಬ್ಬಳು 'ಅಬಂಡೆಂಟ್' ಎಂದರೆ ಇನ್ನೊಬ್ಬಳು ಅದರ ವಿರುದ್ಧ ಪದ 'ಸ್ಕೇರ್ಸ್' ಎನ್ನುವಳು. ಸ್ಪರ್ಧೆಗೆ ಊರಿಗೊಬ್ಬರೇ ಹೋಗಬೇಕು. ದಿವ್ಯಳನ್ನು ಆರಿಸಿದ್ದ ಮೇಷ್ಟ್ರು, ಕಳ್ಳಿಯನ್ನು ಕಳಿಸುವುದಿಲ್ಲ, ರಮ್ಯಳೇ ಹೋಗಲಿ ಎನ್ನುತ್ತಿದ್ದರು.

"ಆ ರಮ್ಯನೇ ಕಳ್ಳಿ ಅತ್ತಿಗೆ. ಬರೆದಿಟ್ಕೊಳ್ಳಿ," ಎಂದ ರಂಗಸ್ವಾಮಿ.

"ನೋಡುವ ಸುಮ್ಕಿರಪ್ಪ," ಎಂದಳು ಪುಟ್ಟಗೌರಮ್ಮ.

ಶೀಳನೆರೆಯಲ್ಲಿ ಮೇಷ್ಟ್ರು ತಮ್ಮ ಮನೆಯ ಬಾಗಿಲಲ್ಲೇ ಕಾದಿದ್ದರು. "ನಿನ್ನೆ ಸರಸ್ವತಿ ಪೂಜೆಗೆ ಪೆಟ್ಟಿಗೆ ಇಟ್ಟಿದ್ದೆನಮ್ಮ. ಸಂಜೆ ಇಬ್ಬರು ಹುಡುಗಿಯರೂ ಪ್ರಸಾದಕ್ಕೆ ಬಂದು ಹೋದ್ರು. ಬೆಳಿಗ್ಗೆ ಎದ್ದರೆ ಪೆಟ್ಟಿಗೆ ಇಲ್ಲ! ಪುಟ್ಟಸ್ವಾಮಿ ಮನೆ ಹುಲ್ಲಿನ ಮೆದೆಗೆ ಹೋಗಿ ಕೈ ಹಾಕಿದೆ, ಸಿಕ್ತು. ಗುರುತು ಅಳಿಸಬಾರದು ಅಂತ ಪೂಜೆ ಇನ್ನೂ ಹಾಗೇ ಬಿಟ್ಟಿದ್ದೀನಿ, ಏನೂ ಮುಟ್ಟಿಲ್ಲ."

"ಮನೇಲಿ ಬೇರೆ ಯಾರಿದ್ರು?"

"ನಾನೊಬ್ಬನೇ. ನನ್ನ ಹೆಂಡತಿ ಚಲುವಮ್ಮ ತವರಿಗೆ ಹೋಗಿದ್ದಾಳೆ. ಈ ಸಲ ಪೂಜೆಯೆಲ್ಲ ನನ್ನ ಕೈಯಲ್ಲೇ ಆಯ್ತು."

ಪೂಜೆಯ ಮುಂದೆ ಪುಟ್ಟಗೌರಮ್ಮ ಬಗ್ಗಿ ನಿಂತಳು. ಮಣೆಯ ಮೇಲಿನ ರಂಗೋಲಿಯ ತಾವರೆಯ ನಡುವೆ ಇರಬೇಕಿದ್ದ ಕಳಶದ ತಟ್ಟೆ ಒಂದು ಗೇಣು ಉತ್ತರಕ್ಕೆ ಸರಿದಿತ್ತು. ತಟ್ಟೆಯ ಅಕ್ಕಿ ಒಂದು ಕಾಳೂ ಚೆಲ್ಲಿರಲಿಲ್ಲ, ಕಳಶದ ಹೂವೂ ಬಿದ್ದಿರಲಿಲ್ಲ. ಪೆಟ್ಟಿಗೆ ಇದ್ದ ಜಾಗ ಮಣೆಯ ಇನ್ನೊಂದು ತುದಿಯಲ್ಲಿತ್ತು. ರಂಗಸ್ವಾಮಿಯೂ ಬಗ್ಗಿ ನೋಡಿದ, ಅವನಿಗೆ ಏನೂ ಹೊಳೆಯಲಿಲ್ಲ. ಮೈಯೆಲ್ಲ ಪರಚಿಕೊಳ್ಳುವಷ್ಟು ಸಿಟ್ಟು ಬಂತು.

ಅತ್ತಿಗೆ ಪುಟ್ಟಸ್ವಾಮಿಯ ಮನೆಯ ಹಿತ್ತಲಲ್ಲಿ ದಿವ್ಯಳನ್ನು ಮಾತಾಡಿಸಿದಳು. ಅತ್ತೂ ಅತ್ತೂ ಹುಡುಗಿಯ ಮುಖ ಊದಿಕೊಂಡಿತ್ತು.

"ಮೇಷ್ಟ್ರಿಗೂ ನಿಂಗೂ ಏನಾರ ಜಗಳ ಆಗಿತ್ತೇನವ್ವ?"

"ಇಲ್ಲ ಅಜ್ಜಿ. ಗಣೇಶನ ಹಬ್ಬದ ಸಭೇಲಿ ದೊಡ್ಡ ಆಫೀಸರು 'ಟ್ರಾನ್ಸ್‌ಪರೆಂಟ್'ಗೆ ವಿರುದ್ಧ ಪದ ಕೇಳಿದ್ರು. ಮೇಷ್ಟ್ರಿಗೆ ತಕ್ಷಣಕ್ಕೆ ಬರ್ಲಿಲ್ಲ. ನಾನು 'ಒಪೇಕ್' ಅಂದೆ. ಮೇಷ್ಟ್ರಿಗೇ ಮೇಷ್ಟ್ರು ನೀನು ಅಂತ ಆಫೀಸರು ಚಪ್ಪಾಳೆ ತಟ್ಟಿದ್ರು. ಅವತ್ತಿಂದ ಮೇಷ್ಟ್ರು ನನ್ನ ಮುಖಾನೇ ನೋಡಲ್ಲ."

ಆ ಮಾತು ರಂಗಸ್ವಾಮಿಯ ಎದೆಗೆ ಚುಚ್ಚಿತು. ಆ ಚಪ್ಪಾಳೆ ಕೂತು ಕೇಳಿಸಿಕೊಳ್ಳುವವನಿಗೆ ಹೇಗಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಮೇಷ್ಟ್ರ ನಡುಮನೆಯಲ್ಲಿ ಸೇರಿದರು. ಪುಟ್ಟಗೌರಮ್ಮ ಕಳಶವನ್ನು ತಾವರೆಯ ನಡುವಿಗೆ ತಂದು, ಪೆಟ್ಟಿಗೆಯನ್ನೂ ಮಣೆಯ ಮೇಲಿಟ್ಟಳು.

"ದಿವ್ಯ, ಪೆಟ್ಗೆ ಎತ್ಕೊಡವ್ವ."

ದಿವ್ಯ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತಿಕೊಟ್ಟಳು. ಮತ್ತೆ ಇಟ್ಟದ್ದನ್ನು ರಮ್ಯಳೂ ಹಾಗೇ ಎತ್ತಿದಳು.

"ಈಗ ನೀವು ಎತ್ತಿ ಮೇಷ್ಟ್ರೇ."

ಮೇಷ್ಟ್ರು ಮಣೆಯ ಮುಂದೆ ಕೂತರು. ಕೈ ತನ್ನಷ್ಟಕ್ಕೆ ಕಳಶದ ತಟ್ಟೆಗೆ ಹೋಯಿತು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಉತ್ತರಕ್ಕೆ ಸರಿಸಿದರು. ಆಮೇಲೆ ಪೆಟ್ಟಿಗೆಯ ಕಡೆ ಚಾಚಿದ ಕೈ ನಡುವೆಯೇ ನಿಂತುಬಿಟ್ಟಿತು. ಕಳಶ ಬೆಳಿಗ್ಗೆ ಎಲ್ಲಿತ್ತೋ ಈಗಲೂ ಅಲ್ಲೇ ಇತ್ತು.

"ಕಳಶಾನ ಉತ್ತರಕ್ಕೆ ಕದಲಿಸಿ ದೇವಿಯನ್ನ ಕಳಿಸ್ಕೊಡ್ದೆ ಪೂಜೆಗಿಟ್ಟಿದ್ದನ್ನ ಎತ್ಬಾರ್ದು. ಅದು ಪೂಜೆ ಮಾಡೋ ಕೈಗೆ ಅಂಟಿದ ಅಭ್ಯಾಸ," ಎಂದಳು ಪುಟ್ಟಗೌರಮ್ಮ. "ಪುಟ್ಟಸ್ವಾಮಿ ಮನೇಲೂ ರಮ್ಯನ ಮನೇಲೂ ಹಬ್ಬಕ್ಕೆ ಕುಡ್ಲು, ನೇಗ್ಲು ಪೂಜೆ. ಕಳಶ ಇಡಲ್ಲ, ಕದಲಿಸೋದು ಈ ಮಕ್ಳಿಗೆ ಗೊತ್ತೇ ಇಲ್ಲ. ಕದಿಯೋಕೆ ಬಂದೋರು ಕಳಶ ಯಾಕೆ ಮುಟ್ತಾರೆ? ಗೊತ್ತಿರೋ ಚಲುವಮ್ಮ ಊರಲ್ಲಿಲ್ಲ. ನೀವು ಏನೂ ಮುಟ್ಟಿಲ್ಲ ಅಂದ್ರಿ. ಊರ ತುಂಬ ಮನೆ ಇದ್ರೂ ಹುಡುಕದೆ ನೇರ ಆ ಮೆದೆಗೇ ಕೈ ಹಾಕಿದ್ರಿ. ಕಳ್ಳತನ ಮಾಡೋವಾಗ್ಲೂ ನಿಮ್ಗೆ ದೇವ್ರ ಭಯ ಇತ್ತು. ಈ ಮಗಿನ ಬಾಳು ಹಾಳಾದೀತು ಅನ್ನೋ ಭಯ ಇರ್ಲಿಲ್ವಾ?"

ಪುಟ್ಟಸ್ವಾಮಿ ಹಲ್ಲು ಕಡಿಯುತ್ತ ಮೇಲೆದ್ದ. ಚಿಕ್ಕಬೋರಮ್ಮ ಮಗನ ತೋಳು ಹಿಡಿದು ಕೂರಿಸಿದಳು.

"ಎನ್ವಿ," ಎಂದರು ಮೇಷ್ಟ್ರು, ತಲೆ ಎತ್ತದೆ. "ಹೊಟ್ಟೆಕಿಚ್ಚು. ಅದರ ಅರ್ಥ ನಾನೇ ನಿನಗೆ ಬರೆದುಕೊಟ್ಟಿದ್ದೆ ದಿವ್ಯ. ನೀನು ಗೆದ್ದರೆ ಈ ಊರಲ್ಲಿ ನನ್ನನ್ನ ಇನ್ಯಾರು ಕೇಳ್ತಾರೆ ಅನ್ನಿಸಿಬಿಡ್ತು. ನಾಳೆ ನಾನೇ ಕರ್ಕೊಂಡು ಹೋಗ್ತೀನಿ ತಾಯಿ."

"ಬೇಡ ಸಾರ್," ಎಂದಳು ದಿವ್ಯ. "ನೀವು ಎದುರಿಗೆ ಕೂತಿದ್ರೆ ನಂಗೆ ಒಂದು ಪದಾನೂ ನೆನಪಾಗಲ್ಲ."

ಮಾರನೆಯ ದಿನ ಅವಳ ಜೊತೆ ಹೋದವನು ರಂಗಸ್ವಾಮಿ. ಸಂಜೆ ಮೇಷ್ಟ್ರ ಮನೆಗೂ ಅವನೇ ಹೋದ.

"ಗೆದ್ದುಬುಟ್ಲು ಮೇಷ್ಟ್ರೇ. ಯಾರಮ್ಮ ಕಲಿಸಿದ್ದು ಅಂತ ಮೈಕಿನಲ್ಲಿ ಕೇಳಿದ್ರು. 'ಶಿವಲಿಂಗಯ್ಯ ಮೇಷ್ಟ್ರು' ಅಂದ್ಲು. ಚಪ್ಪಾಳೆ ಅಂದ್ರೆ ಚಪ್ಪಾಳೆ!"



"ಅವಳು ನನ್ನ ಹೆಸರು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ರಂಗಸ್ವಾಮಿ," ಎಂದ ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.